ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತು

ತಿರುವನಂತಪುರದಲ್ಲಿ ನಾನು ಇಂಜಿನಿಯರಿಂಗ್ ಓದುವಾಗ ಗಣಿತದ ಟೀಚರ್ ಕೂಡ ನನ್ನ ಹಾಗೆ ಕಾಸರಗೋಡಿನವರೇ. ಇಂಟಿಗ್ರೇಶನ್ ಲೆಕ್ಕದ ಕೊನೆಗೆ ‘ಪ್ಲಸ್ ಸಿ’ ಅಂತ ಸ್ಥಿರಾಂಕ ಬರೆಯದಿದ್ದರೆ ಕೆಂಪು ಪೆನ್ನಿನಿಂದ ಆ ಖಾಲಿ ಜಾಗವನ್ನು ಕುಟ್ಟುತ್ತಿದ್ದರು. ಮಲಯಾಳಿ ಹುಡುಗರಿಗೆ “ಸಿ ಎವಿಡೆ?” ಎಂದರೆ, ನನಗೆ “ಸಿ ಎಲ್ಲಿ ಮಾರಾಯಾ?” ಅಂಕ ಮಾತ್ರ ಯಾರಿಗೂ ಇಲ್ಲ.

ಒಮ್ಮೆ ಅರ್ಧ ಕ್ಲಾಸು ಸಿ ಮರೆತು ಫೇಲಾಯಿತು. ಅದರಲ್ಲಿ ನಾನೂ ಇದ್ದೆ. ಪ್ರಿನ್ಸಿಪಾಲರು ಟೀಚರನ್ನು ಕರೆಸಿದಾಗ ಕ್ಲಾಸ್ ಲೀಡರ್ ಅಂತ ನಾನೂ ಹೋದೆ.

“ಒಂದು ಅಕ್ಷರ ತಾನೇ ಟೀಚರೇ, ಅಂಕ ಕೊಟ್ಟುಬಿಡಿ.”

ಟೀಚರ್ ಕಿಟಕಿಯಾಚೆ ಹಾಸ್ಟೆಲಿನ ಟ್ಯಾಂಕ್ ತೋರಿಸಿದರು. “ಪಂಪು ನಿಮಿಷಕ್ಕೆ ಎಷ್ಟು ನೀರು ಎತ್ತುತ್ತದೆ, ಎಷ್ಟು ಹೊತ್ತು ಓಡಿತು, ಎಲ್ಲ ಹೇಳ್ತೇನೆ. ಈಗ ಟ್ಯಾಂಕಿನಲ್ಲಿ ಎಷ್ಟು ನೀರುಂಟು ಸರ್?”

“ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದೆ ಹೇಗೆ ಹೇಳಲಿ?”

“ಅದೇ ಸಿ. ನೀವು ಕೇಳಿದ್ರಿ, ಈ ಮಕ್ಕಳು ಕೇಳಲಿಲ್ಲ.”

ಪ್ರಿನ್ಸಿಪಾಲರ ಮುಖ ಬಿಗಿಯಿತು. “ಆದರೂ ಕೊಡಬೇಕು.”

ಟೀಚರ್ ಕೆಂಪು ಪೆನ್ನನ್ನು ಅವರ ಮುಂದಿಟ್ಟರು. “ನೀವೇ ಕೊಡಿ. ಅಂಕದ ಕೆಳಗೆ ನಿಮ್ಮ ಸಹಿಯೂ ಇರಲಿ.”

ಅವರು ಪೆನ್ನು ಮುಟ್ಟಲಿಲ್ಲ. ಟೀಚರ್ ಅದನ್ನು ಎತ್ತಿಕೊಂಡು ಕ್ಲಾಸಿಗೆ ಹೊರಟರು.