ತಲೆಕಟ್ಟು ತಪ್ಪಿದ ಇಂಜಿನಿಯರ್

ಅದು ಆಗುವ ಕೆಲಸವೇ ಅಲ್ಲ ಎಂದವರು ನನ್ನ ಮಾವ, ಅಮ್ಮನ ಅಣ್ಣ. ದಕ್ಕೆಯಲ್ಲಿ ಬೋಟಿನಿಂದ ಮೀನು ಇಳಿಸುತ್ತಿದ್ದ ಹತ್ತು ಜನರ ಎದುರೇ ಹೇಳಿದರು: "ಐಸ್ ಪ್ಲಾಂಟಿನಲ್ಲಿ ಕೂತು ತೂಕಡಿಸುವವ ಬಿ.ಎ. ಮಾಡುವುದಾ? ನಮ್ಮ ಮನೆಯಲ್ಲಿ ಯಾರಾದರೂ ಕಾಲೇಜಿನ ಮೆಟ್ಟಿಲು ಹತ್ತಿದ್ದು ಉಂಟಾ ಮಾರಾಯ?" ಇರಲಿಲ್ಲ. ನನಗಾಗ ಮೂವತ್ತಾರು ವರ್ಷ. ಪಿಯುಸಿಯನ್ನು ಮನೆಯಲ್ಲೇ ಓದಿ ಮೂರನೆಯ ಸಲಕ್ಕೆ ಪಾಸಾಗಿದ್ದೆ. ಮಾವ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಕಂಡದ್ದನ್ನು ಹೇಳಿದರು.

ಬೆಳಿಗ್ಗೆ ಆರರಿಂದ ಎರಡರವರೆಗೆ ಪ್ಲಾಂಟು, ಸಂಜೆ ಕೊಡಿಯಾಲ್‌ಬೈಲಿನಲ್ಲಿ ಕಾಲೇಜು. ಪ್ಲಾಂಟಿನಲ್ಲಿ ನನ್ನ ಕೆಲಸ ಕಂಪ್ರೆಸರಿನ ಪಕ್ಕ ಕೂತು ಮೀಟರಿನ ಮುಳ್ಳು ನೋಡುವುದು, ಒತ್ತಡ ಏರಿದರೆ ವಾಲ್ವ್ ತಿರುಗಿಸುವುದು. ಅಮೋನಿಯಾದ ವಾಸನೆ ಅಂಗಿಯಿಂದ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ನನ್ನ ಬೆಂಚಿನಲ್ಲಿ ಹೆಚ್ಚಾಗಿ ನಾನೊಬ್ಬನೇ. ಮೂರು ವರ್ಷದ ಪಾಠದಲ್ಲಿ ಅರ್ಧ ನಾನು ಎಚ್ಚರದಲ್ಲಿ ಕೇಳಿದ್ದಲ್ಲ.

ಕೊನೆಯ ವರ್ಷ ಚರಿತ್ರೆಯ ಮೇಷ್ಟ್ರು, ಕೈಗಾರಿಕೆ ಕಟ್ಟಿದ ಒಬ್ಬೊಬ್ಬರ ಜೀವನ ಬರೆದು ತನ್ನಿ ಎಂದರು. ಹೆಸರುಗಳನ್ನು ಚೀಟಿಯಲ್ಲಿ ಬರೆದು ಎತ್ತಿಸಿದರು. ಎಲ್ಲರಿಗೂ ಇಲ್ಲಿಯವರೇ ಬಂದರು, ಹಂಚಿನ ಕಾರ್ಖಾನೆಯವರು, ನೂಲಿನ ಗಿರಣಿಯವರು. ನನಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ಜೆಕ್ ಇಂಜಿನಿಯರ್. ಚೀಟಿಯಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು, ಎರಡು ಅಕ್ಷರಗಳ ಮೇಲೆ ಸಣ್ಣ ಕೊಕ್ಕೆ. ನಮ್ಮ ತಲೆಕಟ್ಟಿನ ಹಾಗೆಯೇ. ಪೆನ್ನು ಜಾರಿದ್ದು ಅಂತ ನಾನು ತಿಳಿದೆ. "ಜಾರಿದ್ದಲ್ಲ, ಅದು ಉಚ್ಚಾರ. ಕೊಕ್ಕೆ ಹೋದರೆ ಅಕ್ಷರವೇ ಬೇರೆ," ಎಂದರು ಮೇಷ್ಟ್ರು. "ಕನ್ನಡದಲ್ಲಿ ಬರೆದರೆ ಇನ್ನೂ ಕೆಡ್ತದೆ, ಅವರ ಲಿಪಿಯಲ್ಲೇ ಇರಲಿ." ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇನ್ನೊಮ್ಮೆ ತಪ್ಪು ಮಾಡುವ ಶಕ್ತಿ ನನಗಿಲ್ಲ.

ಮಾವನಿಗೆ ಹೇಳಿದರೆ, "ಚೆಕ್ ಇಂಜಿನಿಯರ್ ಅಂದರೆ ಎಂತ? ಬೋಟು ಚೆಕ್ ಮಾಡುವವನಾ?" ಎಂದರು. ದಕ್ಕೆಯಲ್ಲಿ ಆಮೇಲೆ ನನ್ನ ಹೆಸರೇ ಅದಾಯಿತು. "ಹೋಯ್ ಚೆಕ್ ಇಂಜಿನಿಯರ್, ಐಸ್ ಆಯ್ತಾ?"

ಆದರೆ ಓದುತ್ತಾ ಹೋದ ಹಾಗೆ ಆ ಮನುಷ್ಯ ನನಗೆ ಹತ್ತಿರದವನಾದ. ಬಡವರ ಮನೆಯ ಮಗ. ಆಗಿನ ಕಾಲದ ವಿದ್ಯುತ್ ದೀಪದಲ್ಲಿ ಎರಡು ಇದ್ದಿಲ ಕಡ್ಡಿಗಳ ನಡುವೆ ಬೆಳಕು ಹೊತ್ತುತ್ತಿತ್ತು. ಕಡ್ಡಿ ಉರಿದು ಸಣ್ಣದಾದರೆ ನಡುವಿನ ಸಂದು ದೊಡ್ಡದಾಗಿ ದೀಪ ಆರುತ್ತಿತ್ತು. ಕಡ್ಡಿಗಳು ತಾವಾಗಿಯೇ ಹತ್ತಿರ ಸರಿಯುವ ಹಾಗೆ ಈತ ಮಾಡಿದ. ಮುಳ್ಳು ನೋಡುತ್ತಾ ವಾಲ್ವ್ ತಿರುಗಿಸುವುದೇ ಬದುಕಾದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆಮೇಲೆ ಪ್ರಾಗ್‌ನಲ್ಲಿ ಕಾರ್ಖಾನೆ, ಬೀದಿಗೆ ದೀಪ, ವಿದ್ಯುತ್ತಿನ ಟ್ರಾಮು. ನಾನು ಹೆಚ್ಚು ಸಲ ಓದಿದ್ದು ಮಾತ್ರ ಬೇರೆ ಒಂದು ಪುಟ. ಪರೀಕ್ಷೆಯ ಶುಲ್ಕ ಕಟ್ಟಲಾಗದೆ ಶಾಲೆಯ ಸರ್ಟಿಫಿಕೇಟ್ ಇಲ್ಲದೆಯೇ ಅವನು ಮುಂದೆ ಓದಲು ಹೋದನಂತೆ. ಅವನಿಗೆ ಅದು ಇಲ್ಲದೆ ನಡೆಯಿತು. ನನಗೆ ನಡೆಯುವುದಿಲ್ಲ. ಪ್ಲಾಂಟಿನ ಸೂಪರ್‌ವೈಸರ್ ಹುದ್ದೆಗೆ ಡಿಗ್ರಿ ಬೇಕು ಅಂತ ಮಾಲೀಕರು ಸ್ಪಷ್ಟವಾಗಿ ಹೇಳಿದ್ದರು.

ಬರೆದದ್ದನ್ನು ಫಳ್ನೀರಿನ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿ, ಮೂರು ಪ್ರತಿ ಬೈಂಡ್ ಮಾಡಿಸಿ ಕೊಟ್ಟೆ. ತಿರುಗಿಸಿ ನೋಡಲಿಲ್ಲ. ನಿದ್ದೆ ಬರುತ್ತಿತ್ತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಪುಟ ತೆರೆದು ನನ್ನ ಕಡೆ ತಿರುಗಿಸಿದರು. "ಕೊಕ್ಕೆ ಇಲ್ಲದಿದ್ದರೆ ಹೆಸರು ತಪ್ಪು ಅಂತ ಮುನ್ನುಡಿಯಲ್ಲಿ ಬರೆದವರು ನೀವೇ ಅಲ್ವಾ? ಒಳಗೆ ಒಂದು ಕಡೆಯಾದರೂ ಕೊಕ್ಕೆ ಉಂಟಾ ತೋರಿಸಿ."

ಒಂದೂ ಇರಲಿಲ್ಲ. ಅಂಗಡಿಯವರಿಗೆ ಅದು ಕಸ ಎಂದು ಕಂಡಿರಬೇಕು, ಚೊಕ್ಕ ಮಾಡಿಬಿಟ್ಟಿದ್ದರು.

"ಹೆಸರೇ ಗೊತ್ತಿಲ್ಲದವನ ಜೀವನ ಬರೆದಿದ್ದೀರಿ," ಎಂದರು. ಮೇಷ್ಟ್ರು ನಡುವೆ ಬಂದು ಬೇಡಿಕೊಂಡ ಮೇಲೆ ಸ್ವಲ್ಪ ಇಳಿದರು. "ನಾಳೆ ಸಂಜೆ ಅಂಕಪಟ್ಟಿಗೆ ಸಹಿ ಹಾಕಿ ಹೋಗ್ತೇನೆ. ಅಷ್ಟರೊಳಗೆ ಮೂರೂ ಪ್ರತಿ ಕೈಯಲ್ಲಿ ತಿದ್ದಿ ತನ್ನಿ. ಒಂದು ಬಿಟ್ಟರೂ ಮುಂದಿನ ವರ್ಷ."

ಮರುದಿನ ಎರಡು ಗಂಟೆಗೆ ಪಾಳಿ ಮುಗಿಸಿ ಕುದ್ರೋಳಿಯ ಮನೆಗೆ ಬಂದು ನೆಲದಲ್ಲಿ ಕೂತೆ. ಪುಟಕ್ಕೆ ಐದಾರು ಕಡೆ ಹೆಸರು. ಹತ್ತು ಪುಟ ಆಗುವಾಗ ಕಣ್ಣು ಮುಚ್ಚಿತು. ಎಚ್ಚರವಾದಾಗ ಪೆನ್ನಿನ ಗೆರೆ ಪುಟದ ಅಂಚಿನವರೆಗೆ ಹೋಗಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಎಂತ ಅದು?"

"ಈ ಎರಡು ಅಕ್ಷರಕ್ಕೆ ಮೇಲೆ ಕೊಕ್ಕೆ ಹಾಕಬೇಕು. ಸಂಜೆಗೆ ಮುಗಿಯದಿದ್ದರೆ ಡಿಗ್ರಿ ಇಲ್ಲ."

"ಇತ್ತ ಕೊಡು."

"ಅಮ್ಮ, ನಿಮಗೆ ಓದಲಿಕ್ಕೆ ಬರ್ತದಾ?"

"ಓದುವುದು ಯಾಕೆ? ಬಂಗುಡೆ ರಾಶಿಯಲ್ಲಿ ಬೇರೆ ಮೀನು ಬಿದ್ದರೆ ನಾನು ಓದಿ ಹೆಕ್ತೇನಾ?"

ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಪೆನ್ನನ್ನು ಚೂರಿಯ ಹಾಗೆ ಹಿಡಿದರು. ಮೊದಲ ಪುಟದಲ್ಲಿ ಕೊಕ್ಕೆ ತೀರಾ ದಪ್ಪವಾಯಿತು, ಮೂರನೆಯದಕ್ಕೆ ಸರಿಯಾಯಿತು. ನಾನು ತಿದ್ದಿದ ಪುಟಗಳನ್ನೂ ನೋಡಿ ಬಿಟ್ಟುಹೋದದ್ದನ್ನು ತೋರಿಸಿದರು: "ಇಲ್ಲಿ ಒಂದು. ಇಲ್ಲಿ ಬೋಳು. ನಿದ್ದೆಯಲ್ಲಿ ಬರೆದದ್ದಾ?" ಮಾವ ಬಂದು ಇಣುಕಿ, "ತಂಗಿಗೂ ಕಾಲೇಜಾ?" ಎಂದು ನಕ್ಕರು. "ನೀನು ಬೆಳಕಿಗೆ ಅಡ್ಡ ನಿಲ್ಲಬೇಡ," ಎಂದರು ಅಮ್ಮ, ತಲೆ ಎತ್ತದೆ.

ನಡುವೆ ಒಮ್ಮೆ ಕೇಳಿದರು, "ಇವನ ಅಮ್ಮ ಎಂತ ಮಾಡ್ತಿದ್ದಳು?"

ನಾನು ಓದಿದ ಪುಸ್ತಕಗಳಲ್ಲಿ ಅದು ಇರಲಿಲ್ಲ. ಗೊತ್ತಿಲ್ಲ ಎಂದೆ.

ಬ್ಯಾಂಕಿನಲ್ಲಿ, ರೇಷನ್ನಿನಲ್ಲಿ ಅಮ್ಮ ಇಂದಿಗೂ ಹೆಬ್ಬೆಟ್ಟು ಒತ್ತುವವರು. ಅವರು ಜೀವನದಲ್ಲಿ ಬರೆದ ಮೊದಲ ಗುರುತು ಯಾವುದೋ ದೇಶದ ಭಾಷೆಯದ್ದು. ಅವರ ಸ್ವಂತ ಹೆಸರು ಬರೆಯಲು ಕಲಿಸಬೇಕು ಎಂದು ಇಷ್ಟು ವರ್ಷ ಓದಿದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಮಧ್ಯಾಹ್ನ ಹೊಳೆಯಿತು. ಅವರು ಪುಟ ಮಗುಚುತ್ತಿದ್ದರು.

ಸಂಜೆ ಪರೀಕ್ಷಕರು ಚೀಲ ಹೆಗಲಿಗೆ ಹಾಕಿಕೊಂಡೇ ಅಲ್ಲೊಂದು ಇಲ್ಲೊಂದು ಪುಟ ತೆಗೆದು ನೋಡಿದರು. ಸುಮಾರು ಹೊತ್ತು ನೋಡಿದರು. ಕೊನೆಗೆ "ಹೂಂ" ಎಂದು ಸಹಿ ಹಾಕಿದರು. ಖುಷಿಯಾಯಿತು ಎಂದು ಬರೆಯಬಹುದು, ಆದರೆ ನಿಜ ಹೇಳುವುದಾದರೆ ನನಗೆ ಆಗ ಬೇಕಾಗಿದ್ದದ್ದು ಕೂತು ನಿದ್ದೆ ಮಾಡಲು ಒಂದು ಕುರ್ಚಿ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದಾಗ ವರ್ಷ ಕಳೆದಿತ್ತು. ನಾನೂ ಬರ್ತೇನೆ ಎಂದು ಅಮ್ಮ ಹಟ ಹಿಡಿದರು. ಮಂಡಿನೋವಿನಲ್ಲಿ ಎರಡು ಮಹಡಿ ಹತ್ತಲು ಕಾಲು ಗಂಟೆ ಹಿಡಿಯಿತು. ಕಿಟಕಿಯ ಹಿಂದಿನ ಗುಮಾಸ್ತೆ ರಿಜಿಸ್ಟರಿನಲ್ಲಿ ನನ್ನ ಸಹಿ ಪಡೆದು, ದಪ್ಪ ಕಾಗದವನ್ನು ಸರಳಿನ ಸಂದಿನಿಂದ ಹೊರಗೆ ನೀಡಿದಳು. ನಮ್ಮ ಮನೆಯ ಮೊದಲ ಡಿಗ್ರಿ. ನಾನು ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಮೇಲಿನಿಂದ ಕೆಳಗಿನವರೆಗೆ ನೋಡಿ ನನಗೇ ವಾಪಸು ಕೊಟ್ಟರು.

"ಮೊದಲು ನಿನ್ನ ಹೆಸರು ಸರಿ ಉಂಟಾ ನೋಡು ಮಗಾ. ತಪ್ಪಿದ್ದರೆ ಈಗಲೇ ಹೇಳು, ಇನ್ನೊಮ್ಮೆ ಈ ಮೆಟ್ಟಿಲು ಹತ್ತಲಿಕ್ಕೆ ನನ್ನಿಂದ ಆಗುವುದಿಲ್ಲ."