ಮೌನದ ಮಠದಲ್ಲಿ ಕನ್ನಡ ಪಾಠ

ಹೈಸ್ಕೂಲಿನ ಟೀಚರ್ ಕೆಲಸದಿಂದ ನಾನು ನಿವೃತ್ತಳಾದ ಮೇಲೆ ಹೊನ್ನಾವರದ ಹತ್ತಿರದ ಒಂದು ಕ್ರೈಸ್ತ ಮಠದಿಂದ ಫೋನು ಬಂತು. ಅಲ್ಲಿನ ಸಿಸ್ಟರುಗಳಲ್ಲಿ ಹೆಚ್ಚಿನವರು ಕೇರಳ, ಜಾರ್ಖಂಡ್ ಕಡೆಯವರು. ಕನ್ನಡದಲ್ಲಿ ಪ್ರಾರ್ಥನೆ ಹಾಡುತ್ತಾರೆ, ಆದರೆ ಅರ್ಥ ಪೂರ್ತಿ ಗೊತ್ತಿಲ್ಲ, ವಾರಕ್ಕೊಮ್ಮೆ ಬಂದು ಕಲಿಸಬೇಕು ಎಂದು ಮಠದ ಮುಖ್ಯಸ್ಥೆ ಮದರ್ ಕೇಳಿಕೊಂಡರು.

ಕುಮಟಾದ ನಮ್ಮ ಮನೆಯಲ್ಲಿ ಯಜಮಾನರು ಕೇಳಿದರು. "ಅಲ್ಲಿ ಶಾಲೆ ಇಲ್ಲ, ಆಸ್ಪತ್ರೆ ಇಲ್ಲ. ಮತ್ತೆ ಅವ್ರು ದಿನಾ ಎಂತ ಮಾಡ್ತ್ರು?"

"ಗೊತ್ತಿಲ್ಲ. ಹೋಗಿ ನೋಡ್ತೆ."

ಹೋಗಿ ನೋಡಿದರೂ ಪೂರ್ತಿ ತಿಳಿಯಲಿಲ್ಲ. ನಸುಕಿನಲ್ಲೇ ಎದ್ದು ಹಾಡುತ್ತಿದ್ದರು. ಆಮೇಲೆ ಮಾತಿಲ್ಲದೆ ಕೆಲಸ. ಭಟ್ಕಳದವರೆಗಿನ ಚರ್ಚುಗಳಲ್ಲಿ ಪೂಜೆಯ ಹೊತ್ತಿಗೆ ಪ್ರಸಾದವಾಗಿ ಕೊಡುವ ತೆಳ್ಳನೆಯ ಗೋಧಿ ಬಿಲ್ಲೆಗಳನ್ನು ಬೇಯಿಸುತ್ತಿದ್ದರು, ಹಿತ್ತಲಲ್ಲಿ ಬಸಳೆ, ಬೆಂಡೆ ಬೆಳೆಸುತ್ತಿದ್ದರು. ಗಂಟೆ ಬಾರಿಸಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಮತ್ತೆ ಪ್ರಾರ್ಥನೆಗೆ. ಗೋಡೆಯಾಚೆ ಬರುವುದು ಡಾಕ್ಟರಲ್ಲಿಗೆ ಇಲ್ಲವೇ ವೋಟು ಹಾಕಲಿಕ್ಕೆ ಮಾತ್ರ. ಊಟದ ನಂತರ ಸ್ವಲ್ಪ ಹೊತ್ತು ಮಾತಾಡಬಹುದಿತ್ತು. ನನ್ನ ಪಾಠ ಆ ಹೊತ್ತಿನಲ್ಲಿ.

ಜಾರ್ಖಂಡದ ಒಬ್ಬ ಸಿಸ್ಟರ್ ಎಲ್ಲರಿಗಿಂತ ಚಿಕ್ಕವರು. ಪ್ರಾರ್ಥನಾ ಪುಸ್ತಕದಿಂದಲೇ ಭಾಷೆ ಕಲಿತಿದ್ದರಿಂದ "ಅಕ್ಕೋರೆ, ತಾವು ಊಟ ಮಾಡಿದಿರಾ?" ಎಂದು, ಟೀಚರಿಗೆ ನಮ್ಮ ಕಡೆ ಹೇಳುವ 'ಅಕ್ಕೋರೆ' ಒಂದನ್ನು ಬಿಟ್ಟರೆ ಪೂರ್ತಿ ಗ್ರಂಥದ ಕನ್ನಡದಲ್ಲಿ ಮಾತಾಡುತ್ತಿದ್ದರು. ಕೊನೆಯವರೆಗೂ ಮಠದಲ್ಲೇ ಇರುತ್ತೇನೆಂಬ ನಿತ್ಯವ್ರತವನ್ನು ಅವರು ಆ ವರ್ಷ ತೆಗೆದುಕೊಳ್ಳುವವರಿದ್ದರು.

ಒಂದು ದಿನ ಪಾಠದಲ್ಲಿ 'ಕರೆ' ಎಂಬ ಪದ ಬಂತು. ಮದುವೆಗೆ ಕರೆಯುವುದು, ದೂರದಿಂದ ಹೆಸರು ಹಿಡಿದು ಕರೆಯುವುದು ಎಂದೆಲ್ಲ ವಿವರಿಸಿದೆ. ಪಾಠ ಮುಗಿದು ಉಳಿದವರು ಎದ್ದು ಹೋದರೂ ಆ ಚಿಕ್ಕ ಸಿಸ್ಟರ್ ಕುಳಿತೇ ಇದ್ದರು.

"ಇಲ್ಲಿರುವವರಿಗೆ ದೇವರ ಕರೆ ಬಂದಿದೆ ಎನ್ನುತ್ತಾರೆ. ನನಗೆ ಏನೂ ಕೇಳಿಸಲಿಲ್ಲ, ಅಕ್ಕೋರೆ."

"ಮತ್ತೆ ಯಾಕೆ ಬಂದ್ರಿ?"

"ಊರಿನಲ್ಲಿ ಒಬ್ಬ ಸಿಸ್ಟರ್ ಹಾಡಿದರು. ಅದನ್ನು ಕೇಳಿ ಬಂದೆ. ಇಲ್ಲಿರಲು ನನಗೆ ಇಷ್ಟ. ಇಷ್ಟವೊಂದೇ ಸಾಕೇ?"

ಸಂಜೆ ದೇವರ ಮುಂದೆ ದೀಪ ಹಚ್ಚುವ ನನ್ನನ್ನೂ ಯಾರೂ ಕರೆದಿರಲಿಲ್ಲ. ಅತ್ತೆ ಹಚ್ಚುತ್ತಿದ್ದರು, ಆಮೇಲೆ ನಾನು ಹಚ್ಚಿದೆ. ಅದು ಸಾಕೋ ಸಾಲದೋ ಎಂದು ಯೋಚಿಸಿದ್ದೇ ಇಲ್ಲ.

ಮುಂದಿನ ವಾರ ಮದರ್ ನನ್ನನ್ನು ಕೋಣೆಗೆ ಕರೆಸಿಕೊಂಡರು. ಅವರು ಹೊನ್ನಾವರದವರೇ, ಮನೆಮಾತು ಕೊಂಕಣಿ.

"ಆ ಹುಡ್ಗಿ ಸರಿ ಊಟ ಮಾಡ್ತಾ ಇಲ್ಲ. ನಿಮ್ಮ ಹತ್ರ ಎಂತಾದ್ರೂ ಹೇಳಿದ್ಲಾ ಅಕ್ಕೋರೆ?"

ಹೇಳಿದರೆ ಊರಿಗೆ ಕಳಿಸಿಬಿಟ್ಟಾರು. ಹೇಳದಿದ್ದರೆ, ಅನುಮಾನ ಇಟ್ಟುಕೊಂಡೇ ಆಕೆ ಜೀವನಪೂರ್ತಿ ಇಲ್ಲಿರಬೇಕಾದೀತು. ಯಾವುದು ಒಳ್ಳೆಯದೆಂದು ಗೊತ್ತಾಗದೆ ಕುರ್ಚಿಯ ತುದಿಯಲ್ಲಿ ಕುಳಿತೆ.

"ಅವ್ರನ್ನೇ ಕೇಳಿ ಮದರ್. ನಾನು ಹೇಳೂಕೆ ಹೋದ್ರೆ ಬೇರೆ ಎಂತದೋ ಆಗ್ತದೆ."

"ಆತು" ಎಂದರು. ಒತ್ತಾಯಿಸಲಿಲ್ಲ.

ಅವರಿಬ್ಬರಲ್ಲಿ ಎಂತ ಮಾತಾಯಿತೋ, ವ್ರತದ ದಿನವಂತೂ ನಿಗದಿಯಾಯಿತು. ನಾನು, ಯಜಮಾನರು ಹೋದೆವು. ಆಕೆಯ ಅಪ್ಪ, ಅಮ್ಮ ಅಷ್ಟು ದೂರದಿಂದ ರೈಲಿನಲ್ಲಿ ಬಂದಿದ್ದರು, ತಾಯಿ ನನ್ನ ಪಕ್ಕದಲ್ಲಿ ಕುಳಿತಿದ್ದರು. ಬಿಷಪರು ಕೇಳಿದ ಪ್ರಶ್ನೆಗಳಿಗೆಲ್ಲ ಸಿಸ್ಟರ್ ಗಟ್ಟಿ ದನಿಯಲ್ಲಿ, ಒಂದಕ್ಷರವೂ ತಪ್ಪದ ಕನ್ನಡದಲ್ಲಿ ಉತ್ತರಿಸಿದರು. ನನಗೆ ಹೆಮ್ಮೆಯಾಯಿತು. ಆಮೇಲೆ ಅವರು ನೆಲದ ಮೇಲೆ ಬೋರಲು ಮಲಗಿದರು. ಮೈತುಂಬ ಒಂದು ಬಿಳಿ ಬಟ್ಟೆ ಹೊದಿಸಿದರು. ಉಳಿದವರು ಸಂತರ ಹೆಸರುಗಳನ್ನು ಒಂದೊಂದಾಗಿ ಹಾಡತೊಡಗಿದರು.

ತಾಯಿ ನನ್ನ ಕೈ ಹಿಡಿದು ಹಿಂದಿಯಲ್ಲಿ ಪಿಸುಗುಟ್ಟಿದರು. ಸತ್ತವರಿಗೆ ಹೊದಿಸಿದ ಹಾಗೆ ಯಾಕೆ ಹೊದಿಸಿದ್ದಾರೆ ಎಂದು.

ಪೀಠದ ಬಳಿ ತಟ್ಟೆಯಲ್ಲಿ ಉಂಗುರ, ಹೂವಿನ ಕಿರೀಟ ಕಾಣುತ್ತಿದ್ದವು. ಈ ವ್ರತವೆಂದರೆ ಯೇಸುವಿನ ಜೊತೆ ಮದುವೆ ಎಂದು ಮದರ್ ಹೇಳಿದ್ದು ನೆನಪಾಯಿತು. "ಶಾದಿ" ಎಂದೆ. ಹಾಗೆ ಹೇಳಿದ್ದು ಸರಿಯೇ ಎಂದು ಅನುಮಾನ ಬಂದು "ಮಾಲೂಮ್ ನಹೀ", ಗೊತ್ತಿಲ್ಲ, ಎಂದೂ ಸೇರಿಸಿದೆ. ಇಬ್ಬರೂ ಅಳುತ್ತಿದ್ದೆವು. ಅವರಿಗಾದರೂ ಅಳಲು ಕಾರಣವಿತ್ತು. ನನಗೆ ಏನಿತ್ತೆಂದು ಇವತ್ತಿಗೂ ತಿಳಿದಿಲ್ಲ.

ಊಟದ ನಂತರ ಅಂಗಳದಲ್ಲಿ ಸಿಸ್ಟರ್ ಒಬ್ಬರೇ ಸಿಕ್ಕಿದರು.

"ಕರೆ ಕೇಳಿಸ್ತಾ?" ಎಂದೆ.

"ಇಲ್ಲ" ಎಂದರು, ನಗುತ್ತ. "ಮದರ್‌ಗೂ ಇನ್ನೂ ಕೇಳಿಸಿಲ್ಲವಂತೆ."

ಮತ್ತೇನೋ ಕೇಳಬೇಕೆನ್ನುವಷ್ಟರಲ್ಲಿ ಫೋಟೋಕ್ಕೆಂದು ಅವರಪ್ಪ ಕರೆದರು. ಬಸ್ಸಿನಲ್ಲಿ ಯಜಮಾನರು, "ನಿಂಗೆ ಖುಷಿಯಾ, ಬೇಜಾರಾ?" ಎಂದು ಕೇಳಿದರು. ಕಿಟಕಿಯ ಕಡೆ ತಿರುಗಿ ಕುಳಿತೆ.

ಈಗಲೂ ಪಾಠಕ್ಕೆ ಹೋಗುತ್ತೇನೆ. ಮೊದಲೆಲ್ಲ ಪಾಠ ಮುಗಿದೊಡನೆ ಬಸ್ಸು ಹಿಡಿಯುತ್ತಿದ್ದವಳು ಈಗ ಸಂಜೆಯ ಪ್ರಾರ್ಥನೆಗೂ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಹಾಡಿನ ನಡುವೆ ಎಲ್ಲರೂ ಎದ್ದು ಸೊಂಟ ಬಗ್ಗಿಸಿ ತಲೆಬಾಗುತ್ತಾರೆ. ನಾನು ಬಾಗಬೇಕೋ ಬೇಡವೋ ತೋಚುವುದಿಲ್ಲ. ಅರ್ಧ ಎದ್ದು, ಮುಂದಿನ ಬೆಂಚನ್ನು ಹಿಡಿದು ನಿಲ್ಲುತ್ತೇನೆ.