ಯಲ್ಲಪ್ಪನ ಪೆಟ್ರೋಲ್ ಪಕ್ಷ

ಆನವಟ್ಟಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಪೆಟ್ರೋಲ್ ಪಕ್ಷಕ್ಕೆ ಯಲ್ಲಪ್ಪನೇ ನಾಯಕ, ಕೊನೆಕೊನೆಗೆ ಅವನೊಬ್ಬನೇ ಕಾರ್ಯಕರ್ತ. ಕರೆಂಟ್ ಕಾರಿನ ಪರ ನಿಂತವನು ಚಾಲಕರ ಸಂಘದ ಅಧ್ಯಕ್ಷ ಯೋಗೇಶ. ಆರೇಳು ಕಾರುಗಳ ಸಂಘವಾದರೂ ಅವನು ಚಹಾ ಕೇಳುವುದೂ ಭಾಷಣದ ಧಾಟಿಯಲ್ಲೇ.

"ನಮ್ಮೂರಾಗೆ ಕರೆಂಟಂದ್ರೆ ಹೊಸ ಅಳಿಯ ಇದ್ದಂಗೆ. ಯಾವಾಗ ಬರ್ತತಿ, ಯಾವಾಗ ಮುನಿಸ್ಕೊಂಡು ಹೋಗ್ತತಿ, ಯಾರಿಗೊತ್ತು?" ಎಂದು ಯಲ್ಲಪ್ಪ ವರ್ಷಗಟ್ಟಲೆ ವಾದಿಸಿದ.

ನಿಜವಾದ ಕಾರಣ ಬೇರೆಯೇ ಇತ್ತು. ಹೆಂಡತಿ ಉಚ್ಚಂಗಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ಹಳೆಯ ವ್ಯಾನು ಕೆರೆ ಏರಿ ಹತ್ತುವಾಗ ಕೆಮ್ಮುವುದನ್ನು ಕೇಳಿಯೇ ಆಕೆ ಒಲೆಯ ಮೇಲೆ ರೊಟ್ಟಿ ಹಂಚು ಇಡುತ್ತಿದ್ದಳು. ಅವನು ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಸದ್ದಿಲ್ಲದ ಕಾರಿನಲ್ಲಿ ಹೋಗಿ ನಿಂತರೆ ಕಳ್ಳ ಬಂದನೆಂದು ಆಕೆ ಬೆಚ್ಚಿಬಿದ್ದಾಳು ಎಂಬುದೇ ಅವನ ಚಿಂತೆ. ಅದನ್ನು ಹೇಳಿದರೆ ಸ್ಟ್ಯಾಂಡಿನವರು ನಕ್ಕಾರೆಂದು ತಪ್ಪನ್ನೆಲ್ಲ ಕರೆಂಟಿನ ಮೇಲೆ ಹೊರಿಸಿದ್ದ.

ಕಾರ್ತಿಕದಲ್ಲಿ ಉಚ್ಚಂಗಮ್ಮ ಜ್ವರ ಬಂದು ತೀರಿಕೊಂಡಳು. ತಿಥಿ ಮುಗಿಸಿ ಅವನು ಸ್ಟ್ಯಾಂಡಿಗೆ ಬಂದ ದಿನ ಹಳೆಯ ವಾದ ತೆಗೆಯಲು ಯಾರಿಗೂ ಬಾಯಿ ಬರಲಿಲ್ಲ. ಯಲ್ಲಪ್ಪನೇ ಕೇಳಿದ, "ಅಧ್ಯಕ್ಷರೇ, ಆ ಸದ್ದಿಲ್ಲದ ಗಾಡಿ ಶಿಕಾರಿಪುರದಾಗೆ ಸಿಗ್ತತೇನ್ರೀ?"

"ನೋಡ್ರಪ್ಪಾ! ಯಲ್ಲಪ್ಪಣ್ಣಗೂ ಕೊನಿಗೆ ನನ್ನ ಮಾತು ತಲೆಗೆ ಹೋತು!" ಎಂದು ಯೋಗೇಶ ಹಿಗ್ಗಿ ಎಲ್ಲರಿಗೂ ಚಹಾ ಹೇಳಿದ.

ಗೆದ್ದವನು ಕೊಡಿಸಿದ ಚಹಾವನ್ನು ಯಲ್ಲಪ್ಪನೂ ಕುಡಿದ. ಆ ಸಂಜೆಯೂ ವ್ಯಾನು ಕೆರೆ ಏರಿಯ ಮೇಲೆ ಎಂದಿನಂತೆ ಕೆಮ್ಮಿತು. ಮನೆಯಲ್ಲಿ ಹಂಚು ಗೋಡೆಗೆ ಒರಗಿಕೊಂಡೇ ಇತ್ತು.